ಕ್ಲೌನ್ ಮೀನಿನ ಮೊಟ್ಟೆಯೊಳಗಿನ ಕಣ್ಣು ಕೊನೆಗೂ ಫೋಟೋಗೆ ಸಿಕ್ಕಿತು

ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ, ಗಾಜಿನ ಈಚೆಯಿಂದ, ಕ್ಲೌನ್ ಮೀನಿನ (ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಸಮುದ್ರದ ಮೀನು) ಮೊಟ್ಟೆಯೊಳಗಿನ ಕಣ್ಣಿನ ಫೋಟೋ ತೆಗೆಯೋಕೆ ಆಗಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ಮೊನ್ನೆ ತೆಗೆದೆ. ಒಂದೊಂದು ಮೊಟ್ಟೆಯಲ್ಲೂ ಬೆಳ್ಳಿಯಂತೆ ಹೊಳೆಯುವ ಎರಡು ಚುಕ್ಕಿ. ಎಣಿಸಬಹುದು, ಅಷ್ಟು ಸ್ಪಷ್ಟ.

ಅದಕ್ಕೂ ಮುಂಚೆ ಎರಡು ವರ್ಷ ಬರೀ ಸೋಲು. ಫ್ಲಾಶನ್ನು ಕ್ಯಾಮೆರಾ ಮೇಲೇ ಇಟ್ಟು ಹೊಡೆದರೆ ಗಾಜಿನ ಮೇಲೆ ಬಿಳಿ ಮಚ್ಚೆ, ನೀರಿನ ತುಂಬ ನುಚ್ಚಕ್ಕಿ ಚೆಲ್ಲಿದ ಹಾಗೆ ಕಸ. ಫ್ಲಾಶ್ ಬಿಟ್ಟು ಟ್ಯಾಂಕಿನ ನೀಲಿ ಎಲ್‌ಇಡಿಯಲ್ಲೇ ತೆಗೆದರೆ ಕಿತ್ತಳೆ ಬಣ್ಣವೇ ಮಾಯ. ಕ್ಯಾಮೆರಾದಲ್ಲಿ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಸರಿಹೋಗಲಿಲ್ಲ.

ಆಮೇಲೆ ಫ್ಲಾಶನ್ನು ಟ್ಯಾಂಕಿನ ಮೇಲೆ, ಕೆಳಮುಖವಾಗಿ ಇಟ್ಟೆ. ಬೆಳಕೇನೋ ಚೆನ್ನಾಗಿ ಬಂತು, ದುಡ್ಡು ಹೋಯಿತು. ಹನಿ ಸಿಡಿದು ಸಿಡಿದು ಉಪ್ಪು ಒಳಗೆ ಸೇರಿಕೊಂಡಿತ್ತು. ಒಂದು ದಿನ ಬ್ಯಾಟರಿ ಮುಚ್ಚಳ ತೆಗೆದರೆ ಸ್ಪ್ರಿಂಗಿಗೆಲ್ಲ ಹಸಿರು ಕಿಲುಬು. ಸುಮಾರು 6 ಸಾವಿರ ನೀರುಪಾಲು. ಈಗ ಇರೋದು ಎರಡು ಹಳೇ ಮ್ಯಾನುವಲ್ ಫ್ಲಾಶ್, ಎರಡೂ ಸೇರಿ ನಾಲ್ಕೂವರೆ ಸಾವಿರ ಇರಬೇಕು. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿವೆ, ಒಂದು ಹನಿ ತಾಗಿಲ್ಲ.

ನಿಜವಾಗಿ ಕೈ ಹಿಡಿದಿದ್ದು ಹೆಂಚಿನ ಚೂರು. ಜೋಡಿ ಅದರ ಮೇಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಇಡೋಕೆ ಮುಂಚೆಯೇ, ದಿನಕ್ಕೆ ಒಂದು ಬೆರಳಿನಷ್ಟು ಸರಿಸುತ್ತ, ಅದನ್ನು ಮುಂದಿನ ಗಾಜಿನಿಂದ ನಾಲ್ಕು ಬೆರಳು ದೂರಕ್ಕೆ ತಂದೆ. ಗಾಜನ್ನು ಹಿಂದಿನ ಸಂಜೆಯೇ ಉಜ್ಜಿಟ್ಟೆ. ಫೋಟೋ ತೆಗೆಯುವ ಹೊತ್ತಿಗೆ ಉಜ್ಜಿದರೆ ಪಾಚಿ ನೀರಲ್ಲಿ ತೇಲುತ್ತದೆ. ಪಂಪ್ ಹತ್ತು ನಿಮಿಷ ಬಂದ್, ಅದಕ್ಕಿಂತ ಜಾಸ್ತಿ ಬೇಡ. ಚಿಕ್ಕದನ್ನು ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್; ಕ್ಯಾಮೆರಾ ಸೆಟ್ಟಿಂಗ್ ಅಪರ್ಚರ್ ಎಫ್ 11, ಶಟರ್ 1/200 ಸೆಕೆಂಡ್, ಐಎಸ್‌ಒ 200. ಲೆನ್ಸ್ ಗಾಜಿಗೆ ನೇರವಾಗಿರಲೇಬೇಕು. ಸ್ವಲ್ಪ ಓರೆಯಾದರೂ ಅಂಚೆಲ್ಲ ಕದಡುತ್ತದೆ.

ಗಂಡು ಮೀನು ಅಲ್ಲಿಂದ ಕದಲೋದೇ ಇಲ್ಲ. ರೆಕ್ಕೆಯಿಂದ ಬೀಸಣಿಗೆ ಥರ ಗಾಳಿ ಹಾಕುತ್ತ, ಹಾಳಾದ ಮೊಟ್ಟೆಯನ್ನು ಬಾಯಿಂದ ಆರಿಸಿ ತೆಗೆಯುತ್ತ ಕಾಯುತ್ತದೆ. ನೋಡುತ್ತ ಕೂತು ಎಷ್ಟೋ ಸಲ ಶಟರ್ ಒತ್ತೋದನ್ನೇ ಮರೆತಿದ್ದೇನೆ. ಅದನ್ನು ಐದು ಸೆಕೆಂಡ್ ಪಕ್ಕಕ್ಕೆ ಸರಿಸುವ ಉಪಾಯ ಒಂದಿದೆ. ಅದನ್ನು ಈಗಲೇ ಹೇಳಲ್ಲ.

ನಡುವೆ ಸುಮ್ನೆ ಲೆನ್ಸಿಗೆ ಹಳದಿ ಫಿಲ್ಟರ್ ಹಾಳೆ ಅಡ್ಡ ಹಿಡಿದು ನೀಲಿ ಬೆಳಕಲ್ಲಿ ಜೊಯಾಂತಿಡ್‌ಗಳನ್ನು (ಹವಳದ ಬಳಗದ, ಪುಟ್ಟ ಹೂವಿನಂಥ ಜೀವಿಗಳು) ತೆಗೆದೆ. ಕೆಂಡದ ಹಾಗೆ ಉರಿಯುತ್ತಿದ್ದವು! ಹಾಳೆಗೆ 200 ರೂಪಾಯಿ ಅಷ್ಟೇ.

ನನ್ನ ಟ್ಯಾಂಕಿನಲ್ಲಿ, 26 ಡಿಗ್ರಿಗೆ, ಕಣ್ಣು ಚೆನ್ನಾಗಿ ಹೊಳೆಯೋದು ಏಳನೇ ದಿನ. ಎಂಟನೇ ರಾತ್ರಿ, ದೀಪ ಆರಿಸಿ ಒಂದೂವರೆ ಗಂಟೆ ಕಳೆದ ಮೇಲೆ ಮರಿ ಹೊರಬರುತ್ತವೆ. ಈ ಜೋಡಿ ಎರಡು ವಾರಕ್ಕೊಮ್ಮೆ ಮೊಟ್ಟೆ ಇಡುತ್ತದೆ. ಮುಂದಿನ ಸಲ ಆ ಕತ್ತಲಲ್ಲಿ ಮರಿ ಹೊರಬರೋದನ್ನು ನೋಡೋಕೆ ಕೆಂಪು ಟಾರ್ಚ್ ತಂದಿಟ್ಟಿದ್ದೇನೆ.