ಹೆಪಟೈಟಿಸ್ ಬಿ ಇರುವವರು ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ

ರಕ್ತದಾನಕ್ಕೆಂದೋ, ಬಸಿರಿನ ತಪಾಸಣೆಗೆಂದೋ ಹೋದವರಿಗೆ ಎಚ್‌ಬಿಎಸ್‌ಎಜಿ ಪಾಸಿಟಿವ್, ಅಂದರೆ ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿದೆ, ಎಂಬ ವರದಿ ಕೈಗೆ ಬರುತ್ತದೆ. ಆರು ತಿಂಗಳು ಕಳೆದರೂ ಫಲಿತಾಂಶ ಹಾಗೆಯೇ ಉಳಿದರೆ ವೈದ್ಯರು ಅದನ್ನು ದೀರ್ಘಕಾಲಿಕ ಹೆಪಟೈಟಿಸ್ ಬಿ ಎನ್ನುತ್ತಾರೆ. ಮೈಯಲ್ಲಿ ಯಾವ ತೊಂದರೆಯೂ ಕಾಣದಿರುವಾಗಲೇ ಸುದ್ದಿ ತಿಳಿಯುವುದರಿಂದ, ಅನೇಕರಲ್ಲಿ ಯಕೃತ್ತಿಗಿಂತ ಮೊದಲು ಮನಸ್ಸು ಕುಸಿಯುತ್ತದೆ.

ಸರಿಪಡಿಸುವ ಕೆಲಸವನ್ನು ಅಡುಗೆಮನೆಯಿಂದ ಆರಂಭಿಸಿ. ಎಷ್ಟೋ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಒಂದು ತಟ್ಟೆ, ಒಂದು ಲೋಟ ಬೇರೆಯಾಗುತ್ತವೆ. ಗುರುತು ಸಿಗಲೆಂದು ಲೋಟದ ತಳಕ್ಕೆ ಉಗುರುಬಣ್ಣದ ಚುಕ್ಕಿಯಿಟ್ಟು, ಪಾತ್ರೆ ಸ್ಟ್ಯಾಂಡಿನ ಮೂಲೆಯಲ್ಲಿ ಕವುಚಿ ಹಾಕಿರುತ್ತಾರೆ. ದಿನಕ್ಕೆ ಮೂರು ಹೊತ್ತು ಆ ಚುಕ್ಕಿಯನ್ನು ನೋಡುತ್ತ ನೀರು ಕುಡಿಯುವವರಿಗೆ ಯಾವ ಧೈರ್ಯದ ಮಾತೂ ನಾಟುವುದಿಲ್ಲ. ಈ ವೈರಸ್ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ಒಟ್ಟಿಗೆ ಊಟ ಮಾಡುವುದರಿಂದಾಗಲಿ, ಒಂದೇ ಲೋಟ ಬಳಸುವುದರಿಂದಾಗಲಿ, ಅಪ್ಪಿಕೊಳ್ಳುವುದರಿಂದಾಗಲಿ ಹರಡುವುದಿಲ್ಲ. ರೇಜರ್, ಟೂತ್‌ಬ್ರಷ್, ನೇಲ್ ಕಟರ್ ಮಾತ್ರ ಬೇರೆ ಇರಲಿ. ಇದನ್ನು ನೀವೇ ಹೇಳಿದರೆ ಮನೆಯವರು ನಂಬಲಿಕ್ಕಿಲ್ಲ. ಮುಂದಿನ ಸಲ ಅವರನ್ನೂ ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಕೇಳಿಸಿ, ಎಲ್ಲರಿಗೂ ರಕ್ತಪರೀಕ್ಷೆ ಮಾಡಿಸಿ, ರಕ್ಷಣೆ ಇಲ್ಲದವರಿಗೆ ಲಸಿಕೆಯ ಮೂರೂ ಡೋಸ್ ಹಾಕಿಸಿ.

ಬಾಳಸಂಗಾತಿಗೆ ವಿಷಯ ತಿಳಿಸಲೇಬೇಕು. ಕಚೇರಿಗೆ, ನೆಂಟರಿಗೆ ಹೇಳಬೇಕಾದ ಋಣವೇನೂ ನಿಮ್ಮ ಮೇಲಿಲ್ಲ. ಆದರೆ ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡಿರಬೇಡಿ.

ಪರೀಕ್ಷೆಯ ದಿನ ಹತ್ತಿರವಾದಂತೆ ನಿದ್ದೆ ಕೆಡುವುದು ಸಹಜ. ಮಧ್ಯರಾತ್ರಿ ವೈರಲ್ ಲೋಡ್‌ನ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಅಂಕಿಗಳನ್ನು ಮೊಬೈಲಿನಲ್ಲಿ ಹುಡುಕುವ ಬದಲು, ಹೊಳೆದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರ ಮುಂದೆ ತೆರೆಯಿರಿ. ಖರ್ಚಿನ ಚಿಂತೆಯಿದ್ದರೆ, 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತವಾಗಿ ಸಿಗುವುದರಿಂದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೇಸರ ಬಂದು, ವೈರಸ್ ಅನ್ನು ಹತ್ತಿಕ್ಕುವ ಟೆನೊಫೊವಿರ್‌ನಂಥ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಬಹುದು. ನಿದ್ದೆಗೆಂದು ಮದ್ಯ, ಯಕೃತ್ತಿಗೆಂದು ಯಾರೋ ಕೊಟ್ಟ ನಾಟಿ ಔಷಧ, ಇವೆರಡೂ ಬೇಡ.

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದೆ, ದಿನದ ಬಹುಪಾಲು ಮಂಕು ಕವಿದಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಸುಳಿದರಂತೂ ಬೆಳಗಾಗಲೆಂದು ಕಾಯದೆ ಕೂಡಲೇ ಕರೆ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಇರಿಸಿಕೊಳ್ಳಿ. ಮನೋವೈದ್ಯರಿಗೆ ಯಕೃತ್ತಿನ ವರದಿಗಳನ್ನು ತಪ್ಪದೆ ತೋರಿಸಿ, ಏಕೆಂದರೆ ಖಿನ್ನತೆಗೆ ಕೊಡುವ ಡುಲೋಕ್ಸೆಟಿನ್‌ನಂಥ ಕೆಲವು ಮಾತ್ರೆಗಳು ಯಕೃತ್ತಿನ ಕಾಯಿಲೆ ಇರುವವರಿಗೆ ಹೊಂದುವುದಿಲ್ಲ.

ಕೊನೆಯದು ಮನೆಯವರಿಗೆ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಸ್ಥಿತಿ) ಹಂತ ತಲುಪಿದವರು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎಚ್ಚರವಿದ್ದರೆ, ಮಾತು ತೊದಲಿದರೆ, ದಿನ, ವಾರ ಮರೆತರೆ, ಚಾಚಿದ ಕೈಗಳು ಪಟಪಟನೆ ಬಡಿದಂತಾದರೆ, ಅದನ್ನು ಬೇಸರವೆಂದು ತಳ್ಳಿಹಾಕಬೇಡಿ. ಯಕೃತ್ತು ಶೋಧಿಸಲಾರದ ವಿಷವಸ್ತುಗಳು ಮಿದುಳನ್ನು ಮುಟ್ಟಿರಬಹುದಾದ್ದರಿಂದ ಸಮಾಧಾನ ಹೇಳುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.