ರಿದಮ್ ಗಿಟಾರೇ ನನ್ನ ಜಾಗ

ಬ್ಯಾಂಡ್‌ನಲ್ಲಿ ರಿದಮ್ ಗಿಟಾರ್ (ಹಾಡಿನ ಉದ್ದಕ್ಕೂ ಲಯ ಹಿಡಿಯುವ ಗಿಟಾರ್) ನುಡಿಸುತ್ತೇನೆ ಅಂದರೆ, 'ಲೀಡ್‌ಗೆ ಯಾವಾಗ ಹೋಗ್ತೀರಾ?' ಅಂತ ಕೇಳುವವರೇ ಜಾಸ್ತಿ. ಲೀಡ್ ಅಂದರೆ ಸೋಲೋ ನುಡಿಸುವ ಗಿಟಾರ್. ನನಗೆ ಆ ಆಸೆ ಯಾವತ್ತೂ ಬಂದಿಲ್ಲ. ಕಾಲೇಜಿನಿಂದ ಇವತ್ತಿನವರೆಗೂ ನನ್ನ ಜಾಗ ಡ್ರಮ್ಮರ್ ಪಕ್ಕ, ಹೈ-ಹ್ಯಾಟ್ (ಒಂದರ ಮೇಲೊಂದಿರುವ ಜೋಡಿ ತಾಳದ ತಟ್ಟೆ) ಕಡೆಗೆ. ಹಾಡಿನ ನಡೆ ನಮ್ಮಿಬ್ಬರ ಕೈಯಲ್ಲಿರುತ್ತದೆ. ಅದು ಅಲುಗಿದರೆ ಮೇಲೆ ಎಂಥ ಸೋಲೋ ಬಂದರೂ ನಿಲ್ಲಲ್ಲ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದಾಗ ನಾನೂ ಆ ಜನರ ನಡುವೆ ನಿಂತಿದ್ದೆ. ನನ್ನ ಕಣ್ಣೆಲ್ಲ ಆ ಬ್ಯಾಂಡ್‌ನ ರಿದಮ್ ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಬಲಗೈ ಮೇಲೆ. ಅಷ್ಟು ವೇಗದ ರಿಫ್‌ಗಳನ್ನೂ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅವರು ಹೆಚ್ಚಾಗಿ ಡೌನ್‌ಪಿಕಿಂಗ್‌ನಲ್ಲೇ, ಅಂದರೆ ತಂತಿಯನ್ನು ಕೆಳಮುಖವಾಗಿ ಮಾತ್ರ ಮೀಟುತ್ತಾ, ನುಡಿಸುತ್ತಾರೆ. ತಂತಿ ಮೀಟುವ ಪಿಕ್ ಮೇಲೆ ಕೆಳಗೆ ಆಡಿಸಿದರೆ ಸುಲಭ, ಆದರೆ ಪ್ರತಿ ಏಟಿಗೂ ಒಂದೇ ತೂಕ ಬರುವುದು ಕಷ್ಟ.

ನನ್ನ ದೊಡ್ಡ ಗುರು ಮಾತ್ರ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯ ಮಾಲ್ಕಮ್ ಯಂಗ್. 1973ರಲ್ಲಿ ತಮ್ಮ ಆಂಗಸ್ ಜೊತೆ ಬ್ಯಾಂಡ್ ಕಟ್ಟಿದವರು, ಲೀಡನ್ನು ತಮ್ಮನಿಗೆ ಬಿಟ್ಟುಕೊಟ್ಟವರು. ಅವರ ಗ್ರೆಚ್ ಗಿಟಾರ್‌ನಲ್ಲಿ ಉಳಿಸಿಕೊಂಡಿದ್ದು ಬ್ರಿಡ್ಜ್ (ತಂತಿ ಕೂರುವ ಪಟ್ಟಿ) ಪಕ್ಕದ ಪಿಕಪ್, ಅಂದರೆ ತಂತಿಯ ಅದುರು ಹಿಡಿಯುವ ಭಾಗ, ಒಂದನ್ನೇ. ದಪ್ಪ ತಂತಿ, ಕಮ್ಮಿ ಗೇನ್ (ಆ್ಯಂಪ್‌ನಲ್ಲಿ ಸದ್ದನ್ನು ಉಬ್ಬಿಸಿ ಒಡೆಸುವ ಗುಂಡಿ). 2017ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿ ಬೇರೆ ಯಾರ ಹಾಡೂ ಹಾಕಲಿಲ್ಲ.

ಈ ಗೇನ್ ವಿಷಯ ಸ್ವಲ್ಪ ಹೇಳಲೇಬೇಕು. ಗೇನ್ ಏರಿಸಿದಷ್ಟೂ ಜೋರು ಏಟು, ಮೆಲ್ಲನೆಯ ಏಟು ಎರಡೂ ಒಂದೇ ಥರ ಕೇಳುತ್ತವೆ. ಕೈಯ ಒತ್ತು ಕಳೆದುಹೋಗುತ್ತದೆ. ನಾನು ಸದ್ದು ಒಡೆಯಲು ಶುರುವಾಗುವ ಕಡೆ ಗೇನ್ ನಿಲ್ಲಿಸಿ, ಉಳಿದಿದ್ದನ್ನು ಮಣಿಕಟ್ಟಿಗೆ ಬಿಡುತ್ತೇನೆ. ಆ್ಯಂಪ್‌ನಲ್ಲಿ ಬಾಸ್ (ತಗ್ಗು ಸದ್ದಿನ ಭಾಗ) ಕೂಡ ಇಳಿಸುತ್ತೇನೆ. ಗಿಟಾರ್‌ನ ದಪ್ಪ ತಂತಿ ಸುಮಾರು 82 ಹರ್ಟ್ಸ್, ಬಾಸ್ ಗಿಟಾರ್‌ನದ್ದು 41. ತಗ್ಗು ಸ್ವರಗಳ ಜಾಗ ಬಾಸ್ ಗಿಟಾರ್ ನುಡಿಸುವವರದ್ದು. ಒಬ್ಬನೇ ನುಡಿಸಿದಾಗ ನನ್ನ ಸದ್ದು ತೆಳು ಅನ್ನಿಸುತ್ತದೆ, ಬ್ಯಾಂಡ್ ಜೊತೆ ಸೇರಿದಾಗ ಸರಿಯಾಗಿ ಕೂರುತ್ತದೆ.

ಅಭ್ಯಾಸ ತುಂಬ ಸರಳ. ಲಯ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 80 ಏಟಿಗೆ ಇಟ್ಟು, ಒಂದೇ ತಂತಿ ಮೇಲೆ ಬರೀ ಡೌನ್‌ಸ್ಟ್ರೋಕ್. ಮೊಣಕೈ ಅಲ್ಲಾಡಬಾರದು. ತಂತಿಯ ಸದ್ದು ಅಮುಕಲು (ಅದೇ ಮ್ಯೂಟ್) ಅಂಗೈ ಅಂಚು ಸರಿಯಾಗಿ ಬ್ರಿಡ್ಜ್ ಮೇಲಿರಬೇಕು: ಒಂದೆಳೆ ಮುಂದೆ ಜರುಗಿದರೆ ಸದ್ದು ಸತ್ತೇ ಹೋಗುತ್ತದೆ, ಒಂದೆಳೆ ಹಿಂದೆ ಹೋದರೆ ತಂತಿ ಪೂರ್ತಿ ಮೊಳಗುತ್ತದೆ. ಬ್ಯಾಂಡ್ ಅಭ್ಯಾಸ ಮಾಡುವ ಜ್ಯಾಮ್ ರೂಮ್‌ನಲ್ಲಿ ಮೊದಲು ನಾನು ಮತ್ತು ಡ್ರಮ್ಮರ್ ಇಬ್ಬರೇ ಕೂರುತ್ತೇವೆ. ಅವನದ್ದು ಬರೀ ಹೈ-ಹ್ಯಾಟ್, ನನ್ನದು ಮ್ಯೂಟ್ ಮಾಡಿದ ತಂತಿ. ಎರಡು ಸದ್ದು ಒಂದಾಗಿ ಕೇಳುವವರೆಗೆ ಬೇರೆಯವರು ಪ್ಲಗ್ ಹಾಕಲ್ಲ.

ನಾವು ಹಾಡುವುದು ಕನ್ನಡದಲ್ಲಿ. ಒತ್ತಕ್ಷರದ ಮೇಲೆ ಜೋರಾದ ಕಾರ್ಡ್ (ಒಟ್ಟಿಗೆ ಮೀಟಿದ ಸ್ವರಗಳು) ಬಿದ್ದರೆ ಪದವೇ ಕೇಳಿಸಲ್ಲ. ಅದಕ್ಕೆ ಚರಣ ಹಾಡುವಾಗ ಎರಡೇ ತಂತಿ ನುಡಿಸುತ್ತೇನೆ, ಪಲ್ಲವಿಗೆ ಬಂದಾಗ ಆರೂ ತಂತಿ ಬಿಚ್ಚುತ್ತೇನೆ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ವಾರವೆಲ್ಲ ಆಫೀಸು, ಶನಿವಾರ ಬೆಳಿಗ್ಗೆ ಜಯನಗರದಲ್ಲಿ ಮಕ್ಕಳಿಗೆ ಪಾಠ. ಇಂದಿರಾನಗರ, ಕೋರಮಂಗಲದ ಪಬ್ ಶೋಗಳಲ್ಲಿ ಬಂದಿದ್ದನ್ನು ಹಂಚಿಕೊಂಡರೆ ಜ್ಯಾಮ್ ರೂಮ್ ಬಾಡಿಗೆ, ತಂತಿಗಳ ಖರ್ಚು ಕಳೆಯುತ್ತದೆ. ಕೇಬಲ್ ನಾನೇ ಬೆಸುಗೆ ಹಾಕಿಕೊಳ್ಳುತ್ತೇನೆ, ಅದರ ತುದಿಯ ಜ್ಯಾಕ್ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳು, ಕನ್ನಡ ಬ್ಯಾಂಡ್‌ಗಳಿಗೆ ಬಿಡುವೇ ಇರಲ್ಲ.

ಈಗ ಕರ್ನಾಟಕ ಸಂಗೀತದ ಖಂಡಚಾಪು ತಾಳದ ನಡೆಯಲ್ಲಿ ಹೊಸ ಹಾಡು ಕಟ್ಟುತ್ತಿದ್ದೇವೆ. ತಕ ತಕಿಟ, ಐದು ಮಾತ್ರೆ. ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ ಜೊತೆ ಮೊದಲನೆಯದಕ್ಕೆ ಪೂರ್ತಿ ಕಾರ್ಡ್, ಕೋಲಲ್ಲಿ ಹೊಡೆಯುವ ಸ್ನೇರ್ ಡ್ರಮ್ ಜೊತೆ ಮೂರನೆಯದಕ್ಕೆ ಮ್ಯೂಟ್ ಮಾಡಿದ ಏಟು. ಉಳಿದ ಮೂರನ್ನು ಖಾಲಿ ಬಿಟ್ಟಿದ್ದೇನೆ, ಮಾತು ಅಲ್ಲಿ ಬರಬೇಕು ಅಲ್ವಾ.