ಬಗ್ಗಿಸಿ, ತಿರುಗಿಸಿ, ಕೇಳಿ: ಬಾಣದ ತಪಾಸಣೆಯಲ್ಲಿ ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ನಮ್ಮ ಕನ್ನಡದ ಹುಡುಗರಿಗೆ ಬಿಲ್ಲುಗಾರಿಕೆ ಹೇಳಿಕೊಡುತ್ತೇನೆ. ಪ್ರತಿ ಸುತ್ತಿನ ನಂತರ ಎಲ್ಲ ಬಾಣಗಳನ್ನೂ ಪರೀಕ್ಷಿಸಬೇಕು ಅಂದಾಗ ಜೊತೆಯವರು ಒಪ್ಪಲಿಲ್ಲ. ಅಷ್ಟು ಹೊತ್ತು ಯಾರಿಗಿದೆ, ಕಣ್ಣಲ್ಲಿ ನೋಡಿದರೆ ಸಾಲದಾ ಅಂದರು. ಸಾಲದು. ಎರಡು ವರ್ಷದ ಮೇಲಾಯಿತು, ನಮ್ಮಲ್ಲಿ ಒಂದು ಬಾಣವೂ ಬಿಲ್ಲಿನಲ್ಲೇ ಸಿಡಿದಿಲ್ಲ. ಈಗ ಅವರೂ ಹೀಗೇ ಮಾಡುತ್ತಾರೆ!

ಕಾರ್ಬನ್ ಬಾಣ ಹೊರಗೆ ಹೊಸದರಂತೆ ಇದ್ದರೂ ಒಳಗೆ ಪದರ ಬಿಟ್ಟಿರಬಹುದು. ಹೆದೆ ಬಿಟ್ಟ ಕ್ಷಣ ಅದು ಬಳುಕುತ್ತದೆ. ಸೀಳಿದ್ದರೆ ಅಲ್ಲೇ ಮುರಿದು, ಚೂರು ಬಿಲ್ಲು ಹಿಡಿದ ಕೈಗೇ ಹೊಗಬಹುದು. ಅದಕ್ಕೇ ಬಾಣವನ್ನು ಮುಖದಿಂದ ದೂರ ಹಿಡಿದು ಒಂದಿಂಚು ಬಗ್ಗಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ಬಗ್ಗಿಸಿ. ಆಮೇಲೆ ಎರಡೂ ತುದಿ ಹಿಡಿದು ತಿರುಚಿ. ಚಿಟಪಟ ಸದ್ದು ಬಂದರೆ ಆ ಬಾಣ ಮುಗಿಯಿತು. ಹತ್ತಿ ಉಂಡೆಯನ್ನು ಉದ್ದಕ್ಕೂ ಸವರಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ. ಬರಿಗೈ ಸವರಬೇಡಿ. ನಾಕ್, ಅಂದರೆ ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚು, ಬಿರುಕು ಬಿಟ್ಟಿದ್ದರೆ ತಕ್ಷಣ ಬದಲಿಸಿ. ಅದು ಹೆದೆಯಿಂದ ಜಾರಿದರೆ ಬಾಣವಿಲ್ಲದೆ ಹೆದೆ ಬಿಟ್ಟಂತಾಗಿ ಬಿಲ್ಲೇ ಮುರಿಯಬಹುದು. ಇನ್ನೊಂದು ಬಾಣಕ್ಕೆ ಬಡಿದದ್ದು, ಕಂಬಕ್ಕೆ ತಾಗಿದ್ದು ತಪಾಸಣೆಗೆ ಮೊದಲು ಬರಲಿ.

ಬಿರುಕು ಹುಡುಕಲು ಬೇರೆ ದಾರಿಗಳನ್ನೂ ನೋಡಿದೆವು. ಟಾಲ್ಕಂ ಪೌಡರ್ ಉಜ್ಜಿದೆವು, ಬಿರುಕಿಗಿಂತ ಗೀರುಗಳೇ ಜಾಸ್ತಿ ಕಂಡವು. ಟಾರ್ಚ್ ಹಾಕಿ ಒಳಗೆ ನೋಡಿದೆವು, ಅದೂ ಪ್ರಯೋಜನವಿಲ್ಲ. ಬಗ್ಗಿಸುವುದೇ ಸರಿ. ಲೋಕಲ್ ಟ್ರೈನ್ ಹೋಗುವಾಗ ಮಾತ್ರ ಬಾಣದ ಸದ್ದು ಕೇಳಲ್ಲ, ನಿಂತು ಕಾಯುತ್ತೇವೆ.

ದುಡ್ಡೇ ದೊಡ್ಡ ಜಗಳ. ನಮ್ಮ ಸಾಧಾರಣ ಬಾಣ ಒಂದಕ್ಕೆ ಸುಮಾರು 600-700 ರೂಪಾಯಿ. ಅಂಟು ಹಾಕಿ, ಟೇಪ್ ಸುತ್ತಿ, ಇನ್ನೊಂದು ತಿಂಗಳು ನಡೆಯಲಿ ಅಂತ ಪಾಲಕರು ಕೇಳುತ್ತಾರೆ. ಒಪ್ಪುವುದಿಲ್ಲ. ಕೆಟ್ಟದ್ದನ್ನು ಅಲ್ಲೇ ಎರಡು ತುಂಡು ಮಾಡುತ್ತೇನೆ, ಇಲ್ಲದಿದ್ದರೆ ಯಾವುದಾದರೂ ಹುಡುಗ ಕಸದಿಂದ ಎತ್ತಿಕೊಂಡು ಹೂಡುತ್ತಾನೆ. ಮೊನೆ ಮಾತ್ರ ಉಳಿಸುತ್ತೇವೆ, ಅದರಲ್ಲೇ ಒಂದಷ್ಟು ದುಡ್ಡು ವಾಪಸ್. ಮೊನೆಗೆ ಬಿಸಿಯಂಟು (ಕಾಯಿಸಿ ಹಚ್ಚುವ ಅಂಟು) ಹಾಕಿದ್ದರೆ ಬಿಡಿಸಲು ಬಿಸಿ ನೀರು ಸಾಕು, ಬೆಂಕಿ ಹಿಡಿದರೆ ಕಾರ್ಬನ್ ಕೆಡುತ್ತದೆ. ಜೋರಾಗಿ ಎಳೆಯದೆ ಮೊನೆ ಬಿಡಿಸುವ ಉಪಾಯವನ್ನು ಇಲ್ಲಿ ಬರೆಯಲ್ಲ, ಭಾನುವಾರ ಬಂದವರಿಗೆ ತೋರಿಸುತ್ತೇನೆ.

ಬಿದಿರು ಬಾಣಗಳ ಕಥೆ ಬೇರೆ. ಮುಂಬೈ ಮಳೆಗಾಲದ ತೇವಕ್ಕೆ ಬಾಗುತ್ತವೆ. ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿದ ಡಬ್ಬಿಯಲ್ಲಿಟ್ಟವು ಗಣೇಶ ಹಬ್ಬದ ಹೊತ್ತಿಗೂ ಹೆಚ್ಚುಕಮ್ಮಿ ನೆಟ್ಟಗಿದ್ದವು. ಹೊರಗಿಟ್ಟವುಗಳಲ್ಲಿ ಅರ್ಧದಷ್ಟು ಸೊಟ್ಟ. ಈ ಸಲ ಎಣ್ಣೆ ಹಚ್ಚಿ ನೋಡುತ್ತಿದ್ದೇವೆ.